ಪೋರ್ಟೊ ರಿಕೊ ದ್ವೀಪದ ಓತಿಗೋಗಿಲೆಯೂ ಕಾಫಿ ತೋಟದ ನೆರಳೂ

ಮಲೆನಾಡಿನ ಒಂದು ಕಾಫಿ ತೋಟಕ್ಕೆ ತನಿಖೆಗಾಗಿ ಹೋಗಿದ್ದಾಗ, ಬೇಲಿಯ ಬಳಿ ಕೆಂಬೂತವೊಂದು ಓತಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಪೊದೆಯೊಳಕ್ಕೆ ನುಗ್ಗಿದುದನ್ನು ತೋಟದ ಯಜಮಾನರು ನನಗೆ ತೋರಿಸಿದರು. "ಸ್ವಾಮೀ, ಓತಿಯು ಹುಳುಗಳನ್ನು ತಿಂದು ನಮಗೆ ಉಪಕಾರ ಮಾಡುತ್ತದೆಂದು ತಾವೇ ಹೇಳುತ್ತೀರಿ. ಆ ಓತಿಯನ್ನು ಈ ಹಕ್ಕಿ ತಿನ್ನುತ್ತದೆ. ಹಾಗಾದ ಮೇಲೆ ಇದು ನಮ್ಮ ಶತ್ರುವೇ ಆಗಲಿಲ್ಲವೆ? ಹೊಡೆಯಿಸಿಬಿಟ್ಟರೇನು?" ಎಂದು ಅವರು ಕೇಳಿದರು. ಪ್ರಶ್ನೆಯು ಯುಕ್ತವಾದುದೇ. ಹಕ್ಕಿಗಳನ್ನು ಹೊಡೆಯುವುದಕ್ಕೆ ಕಾನೂನಿನ ಅಡ್ಡಿಯುಂಟೆಂದು ಹೇಳಿ ನಾನು ಆ ದಿನ ತಪ್ಪಿಸಿಕೊಂಡೆನೇ ಹೊರತು, ಕೇಳಿದ ವಿಷಯಕ್ಕೆ ಉತ್ತರವನ್ನು ಕೊಡಲಿಲ್ಲ. ಅದೇ ಯಜಮಾನರು ಆ ವರ್ಷ ತೋಟದ ಹಳೆಯ ಕಾಡುಮರಗಳಲ್ಲಿ ಬಹುಪಾಲನ್ನು ಕಡಿಯಿಸಿ ಗಿಡಗಳಿಗೆ ಬಿಸಿಲು ಬಿಡಿಸಬೇಕೆಂಬ ಆಲೋಚನೆಯಲ್ಲಿದ್ದರು. ಈ ಎರಡು ವಿಷಯಗಳಿಗೆ ಒಂದಕ್ಕೊಂದು ಸಂಬಂಧವುಂಟೆಂಬುದು ಅವರಿಗೂ ತೋರಲಿಲ್ಲ, ನನಗೂ ಆಗ ತೋರಲಿಲ್ಲ.

ಇಂತಹುದೇ ಪ್ರಶ್ನೆಯು ನಮ್ಮ ದೇಶಕ್ಕೆ ಬಹುದೂರದ ಒಂದು ದ್ವೀಪದಲ್ಲಿ, ಕೋಗಿಲೆಯ ಕುಲಕ್ಕೇ ಸೇರಿದ ಒಂದು ದೊಡ್ಡ ಹಕ್ಕಿಯನ್ನು ಕುರಿತು ಹುಟ್ಟುತ್ತದೆ. ಅಲ್ಲಿ ಹಕ್ಕಿಗಳು ಬೇಸಾಯಗಾರನಿಗೆ ಮಿತ್ರರೋ ಶತ್ರುಗಳೋ ಎಂಬುದನ್ನು ನೂರು ವರ್ಷಗಳಿಗೂ ಮಿಕ್ಕಿದ ಕಾಲದಿಂದ ಬೇರೆಬೇರೆ ವಿಧಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಆ ದ್ವೀಪವೂ ಕಾಫಿ ಬೆಳೆಯುವ ನಾಡೇ ಆದುದರಿಂದ, ಅಲ್ಲಿಯ ಅನುಭವವು ನಮ್ಮ ಗ್ರಾಮಗಳ ಮುಖಂಡರಿಗೂ ಜಮೀನುದಾರರಿಗೂ ಪ್ರಯೋಜನಕಾರಿಯಾದೀತೆಂದು ಭಾವಿಸಿ ಇಲ್ಲಿ ಸಂಗ್ರಹಿಸಿದ್ದೇನೆ.

ಆ ದ್ವೀಪದ ಹೆಸರು ಪೋರ್ಟೊ ರಿಕೊ. ಅದು ಉತ್ತರ ದಕ್ಷಿಣ ಅಮೆರಿಕಗಳ ನಡುವೆ, ಕೆರಿಬಿಯನ್ ಸಮುದ್ರದ ಅಂಚಿನಲ್ಲಿದೆ. ಉದ್ದ ಸುಮಾರು ೧೦೦ ಮೈಲಿ, ಅಗಲ ಸುಮಾರು ೩೫ ಮೈಲಿ. ಎಂದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಬೀದರಿನ ಅಕ್ಷಾಂಶದಲ್ಲಿಯೇ ಹೆಚ್ಚುಕಡಮೆ ಇರುವುದರಿಂದ ಉಷ್ಣವಲಯದ ಬೆಳೆಗಳೆಲ್ಲವೂ ಅಲ್ಲಿ ಬರುತ್ತವೆ. ನಡುವೆ ಪೂರ್ವಪಶ್ಚಿಮವಾಗಿ ಬೆಟ್ಟದ ಸಾಲೊಂದು ಹಬ್ಬಿದೆ. ಈಶಾನ್ಯದ ಬೆಟ್ಟಗಳ ಮೇಲೆ ಮಲೆನಾಡಿನಂತೆ ಮಳೆ ಸುರಿಯುತ್ತದೆ. ನೈಋತ್ಯದ ಕರಾವಳಿಯು ಬಯಲುಸೀಮೆಯಂತೆ ಒಣಗಿರುತ್ತದೆ. ೧೮೯೮ರವರೆಗೆ ಸ್ಪೇನ್ ದೇಶದ ಆಳ್ವಿಕೆಯಲ್ಲಿದ್ದು, ಆ ವರ್ಷದ ಯುದ್ಧಾನಂತರ ಅಮೆರಿಕ ಸಂಯುಕ್ತ ಸಂಸ್ಥಾನಗಳ ವಶವಾಯಿತು. ತಗ್ಗಿನಲ್ಲಿ ಕಬ್ಬು, ಬೆಟ್ಟದ ಇಳಿಜಾರಿನಲ್ಲಿ ಕಾಫಿ. ಇವೇ ಬಹುಕಾಲ ಅಲ್ಲಿಯ ಮುಖ್ಯ ಫಸಲುಗಳಾಗಿದ್ದುವು.

ನಾವು ಹೇಳಬೇಕಾದ ಹಕ್ಕಿಯು ಈ ದ್ವೀಪದಲ್ಲಿ ವಿನಾ ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. ಓತಿಗಳನ್ನು ಹಿಡಿದು ತಿನ್ನುವುದೇ ಅದರ ಮುಖ್ಯ ಜೀವನವಾದುದರಿಂದ ಪಕ್ಷಿಶಾಸ್ತ್ರಜ್ಞರು ಅದಕ್ಕೆ ಆ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ನಾವು ಅನುಕೂಲಕ್ಕಾಗಿ ಓತಿಗೋಗಿಲೆಯೆಂದು ಕರೆಯಬಹುದು. ಇದರ ದಾಯಾದಿಗಳು ನೆರೆಯ ದೊಡ್ಡ ದ್ವೀಪಗಳಲ್ಲಿಯೂ ಉಂಟು. ಕ್ಯೂಬಾದಲ್ಲಿ ಒಂದು ಜಾತಿ (ಇದು ಬಹಾಮ ದ್ವೀಪಗಳಲ್ಲಿಯೂ ಉಂಟು), ಜಮೈಕಾದಲ್ಲಿ ಒಂದು, ಹಿಸ್ಪಾನಿಯೋಲಾದಲ್ಲಿ ಒಂದು, ಪೋರ್ಟೊ ರಿಕೊದಲ್ಲಿ ಒಂದು. ಹೀಗೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ದ್ವೀಪಕ್ಕೊಬ್ಬರಂತೆ ನೆಲೆಸಿದ ಹಾಗೆ ಇವುಗಳ ಹಂಚಿಕೆಯಾಗಿದೆ.

ಹಕ್ಕಿಯು ಕೊಕ್ಕಿನಿಂದ ಬಾಲದ ತುದಿಯವರೆಗೆ ೪೦ರಿಂದ ೪೮ ಸೆಂಟಿಮೀಟರು ಉದ್ದ. ನಮ್ಮ ಕೆಂಬೂತದ ಉದ್ದವೇ ಎನ್ನಬಹುದು. ಆದರೆ ಮೈ ತೆಳುವು, ತೂಕ ೮೦ ಗ್ರಾಮಿನ ಸುಮಾರು ಮಾತ್ರ. ಉದ್ದದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಬಾಲವೇ ಆಗಿದೆ. ಬೆನ್ನು ಬೂದಿಗೂಡಿದ ಕಂದು, ಗಂಟಲೂ ಎದೆಯೂ ಬೂದಿ, ಹೊಟ್ಟೆಯು ದಾಲ್ಚಿನ್ನಿಯ ಬಣ್ಣ. ಬಾಲದ ಅಡಿಯಲ್ಲಿ ಕಪ್ಪುಬಿಳುಪಿನ ಪಟ್ಟೆಗಳು, ಕಣ್ಣಿನ ಸುತ್ತ ಕೆಂಪು ಚರ್ಮದ ಬಳೆ, ನೀಳವಾದ ಕೊಕ್ಕು. ಕೋಗಿಲೆಯ ಕುಲಕ್ಕೆ ಸಹಜವಾಗಿ ಕಾಲಿನ ಎರಡು ಬೆರಳುಗಳು ಮುಂದಕ್ಕೂ ಎರಡು ಹಿಂದಕ್ಕೂ ಇರುತ್ತವೆ. ನಮ್ಮ ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯನ್ನಿಟ್ಟು ಮರಿ ಸಾಕುವ ಕಷ್ಟವನ್ನು ಪರರ ತಲೆಗೆ ಕಟ್ಟುವುದು ಎಲ್ಲರಿಗೂ ತಿಳಿದದ್ದೇ. ಓತಿಗೋಗಿಲೆಗೆ ಆ ಕಪಟವಿಲ್ಲ. ಕೆಂಬೂತದಂತೆ ತಾನೇ ಮರದ ಮೇಲೆ ಕಡ್ಡಿ ಎಲೆಗಳಿಂದ ಒರಟು ಗೂಡನ್ನು ಕಟ್ಟಿ, ಎರಡು ಮೂರು ಬಿಳಿಯ ಮೊಟ್ಟೆಗಳನ್ನಿಟ್ಟು ಮರಿಗಳನ್ನು ಸಾಕುತ್ತದೆ.

ಅಲ್ಲಿಯ ಜನರು ಸ್ಪ್ಯಾನಿಷ್ ಭಾಷೆಯಲ್ಲಿ ಇದನ್ನು 'ಪಾಹರೊ ಬೋಬೊ', ಎಂದರೆ ಪೆದ್ದಹಕ್ಕಿ, ಎಂದು ಕರೆಯುತ್ತಾರೆ. ಮನುಷ್ಯನು ಹತ್ತಿರಕ್ಕೆ ಬಂದರೂ ಹಾರಿಹೋಗದೆ ಕೊಂಬೆಯ ಮೇಲೆ ಅಲುಗಾಡದೆ ಕುಳಿತಿರುವುದೇ ಈ ಹೆಸರಿಗೆ ಕಾರಣ. ಈ ಪೆದ್ದುತನವು ನನಗೇನೋ ಜಾಣತನದಂತೆಯೇ ತೋರುತ್ತದೆ. ಓತಿಯ ಕಣ್ಣಿಗೆ ಬೀಳುವುದು ಚಲನೆ. ಅಲುಗಾಡದ ವಸ್ತುವನ್ನು ಅದು ಲಕ್ಷಿಸುವುದಿಲ್ಲ. ಆದಕಾರಣ ಹಕ್ಕಿಯು ಎಲೆಗಳ ಮರೆಯಲ್ಲಿ ಬಹುಹೊತ್ತು ಸುಮ್ಮನಿದ್ದು, ಓತಿಯು ಕದಲಿದೊಡನೆ ಅಳಿಲಿನಂತೆ ಕೊಂಬೆಯ ಮೇಲೆ ಸರಸರನೆ ಓಡಿ ಹಿಡಿಯುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ರೆಕ್ಕೆಗಳನ್ನು ಚಾಚಿ ತೇಲಿಕೊಂಡು ಇಳಿಯುತ್ತದೆ. ಹೀಗೆ ಬೇಟೆಯಾಡಲು ಕೊಂಬೆಗೆ ಕೊಂಬೆ ತಾಗುವಂತಹ ಮರಗಳ ಸಾಲೂ ಎಲೆಯ ದಟ್ಟಣೆಯೂ ಬೇಕು. ಓದುಗರು ಈ ಸಂಗತಿಯನ್ನು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಇದು ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ಕಕಕಕ ಎಂದು ಮೆಲ್ಲಗೆ ಮೊದಲಾಗಿ, ಬರಬರುತ್ತ ಜೋರಾಗಿಯೂ ಬೇಗಬೇಗನೆಯೂ ಕೂಗುತ್ತದೆ. ಈ ಕೂಗು ಕೇಳಿದರೆ ಮಳೆ ಬರುವುದೆಂದು ಬೆಟ್ಟದ ರೈತರ ನಂಬಿಕೆ; ಮಳೆಹಕ್ಕಿಯೆಂಬ ಹೆಸರೂ ಅದಕ್ಕುಂಟು. ಅದೇ ಕುಲದ ಚಾತಕವನ್ನು ನಾವು ಮುಂಗಾರಿನೊಡನೆ ಸೇರಿಸಿ ಹೇಳುವುದಿಲ್ಲವೆ? ಎರಡು ಸಮುದ್ರಗಳಾಚೆಯ ರೈತನೂ ಕೋಗಿಲೆಯ ಬಾಯಿಯಿಂದಲೇ ಮಳೆಯ ಸುದ್ದಿಯನ್ನು ಕೇಳುತ್ತಾನೆ.

ಇನ್ನು ಆಹಾರದ ವಿಷಯ. ದೊಡ್ಡ ಕೀಟಗಳನ್ನೂ ಜೇಡಗಳನ್ನೂ ಈ ಹಕ್ಕಿಯು ತಿನ್ನುತ್ತದಾದರೂ ಓತಿಯೇ ಅದರ ಅನ್ನ. ಪೋರ್ಟೊ ರಿಕೊದ ಓತಿಗಳು ನಮ್ಮವುಗಳಿಗಿಂತ ಬೇರೆಯ ಜಾತಿಯವು. ಅವು ಚಿಕ್ಕವು, ಚುರುಕಾದುವು. ಗಂಡಿನ ಗಂಟಲಿನಲ್ಲಿ ಬೀಸಣಿಗೆಯಂತೆ ಬಿಚ್ಚುವ ಬಣ್ಣದ ಚರ್ಮವಿರುತ್ತದೆ. ಕೆಲವು ಜಾತಿಗಳು ಮರದ ಬುಡದಲ್ಲಿ, ಕೆಲವು ಕಾಂಡದ ಮೇಲೆ, ಕೆಲವು ತುದಿಯ ಎಲೆಗಳಲ್ಲಿ, ಹೀಗೆ ಮಹಡಿಯ ಮನೆಯಲ್ಲಿರುವಂತೆ ಒಂದೇ ಮರವನ್ನು ಹಂಚಿಕೊಂಡು ಬಾಳುತ್ತವೆ. ಇರುವೆ, ಪತಂಗ, ಜೀರುಂಡೆ, ಎಲೆಜಿಗಿಹುಳು ಮುಂತಾದುವನ್ನು ಹಗಲೆಲ್ಲಾ ಹಿಡಿದು ತಿನ್ನುತ್ತವೆ. ಕಾಫಿಯ ಎಲೆಯೊಳಗೆ ಸುರಂಗ ಕೊರೆದು ಒಣಗಿಸುವ ಹುಳುವೊಂದು ಅಲ್ಲಿ ತೊಂದರೆ ಕೊಡುವುದುಂಟು. ಅಂತಹ ಹುಳುಗಳ ಪತಂಗಗಳೂ ಓತಿಯ ಬಾಯಿಗೆ ಬೀಳುವುವು. ಹೀಗಿರುವಲ್ಲಿ ನಮ್ಮ ಯಜಮಾನರ ಲೆಕ್ಕವನ್ನು ಅನುಸರಿಸಿದರೆ, ಓತಿಯು ಮಿತ್ರನೆಂದೂ ಓತಿಗೋಗಿಲೆಯು ಮಿತ್ರದ್ರೋಹಿಯೆಂದೂ ತೀರ್ಮಾನವಾಗಬೇಕು.

ಹಕ್ಕಿಗಳ ವಿಷಯವನ್ನು ಅಲ್ಲಿ ಮೊದಲು ಕ್ರಮವಾಗಿ ವಿಚಾರಿಸಿದವರು ಅಮೆರಿಕದ ಕೃಷಿ ಇಲಾಖೆಯವರು. ಕಬ್ಬನ್ನೂ ಕಾಫಿಯನ್ನೂ ಕೀಟಗಳು ಹಾಳುಮಾಡುತ್ತಿದ್ದುದರಿಂದ, ಯಾವ ಹಕ್ಕಿಯು ಎಷ್ಟು ಉಪಕಾರಿಯೆಂಬುದನ್ನು ತಿಳಿದುಕೊಳ್ಳಲು ಅಲೆಗ್ಸಾಂಡರ್ ವೆಟ್ಮೋರ್ ಎಂಬ ತರುಣ ಶಾಸ್ತ್ರಜ್ಞರನ್ನು ೧೯೧೧ನೆಯ ಇಸವಿಯ ಕೊನೆಯಲ್ಲಿ ದ್ವೀಪಕ್ಕೆ ಕಳುಹಿಸಲಾಯಿತು. ಅವರು ೧೯೧೨ರಲ್ಲಿ ಬಹುಭಾಗವನ್ನು ಅಲ್ಲಿಯೇ ಕಳೆದು ಸಂಗ್ರಹಿಸಿದ ವಿಷಯಗಳು ಅದೇ ಇಲಾಖೆಯ ೩೨೬ನೆಯ ಬುಲೆಟಿನ್ನಾಗಿ ೧೯೧೬ರಲ್ಲಿ ಪ್ರಕಟವಾದುವು. ವೆಟ್ಮೋರ್‌ರವರು ಮುಂದೆ ಸ್ಮಿತ್ಸೋನಿಯನ್ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಮುಖ್ಯಾಧಿಕಾರಿಯಾದರು. ಆ ಕಾಲದಲ್ಲಿ ರೂಢಿಯಲ್ಲಿದ್ದ ಕ್ರಮವು ಹೀಗಿತ್ತು. ಹಕ್ಕಿಗಳನ್ನು ಹೊಡೆದು ಜಠರಗಳನ್ನು ತೆಗೆದಿಟ್ಟು, ಆ ಮೇಲೆ ಒಳಗಿನ ಪದಾರ್ಥವನ್ನು ಭೂತಗನ್ನಡಿಯ ಕೆಳಗೆ ಬಿಡಿಸಿ, ಕೀಟದ ಕಾಲು ರೆಕ್ಕೆಗಳೆಷ್ಟು, ಬೀಜವೆಷ್ಟು, ಓತಿಯ ಎಲುಬೆಷ್ಟು ಎಂದು ನೂರಕ್ಕೆ ಇಷ್ಟು ಪಾಲಿನಂತೆ ಬರೆದಿಡುವುದು. ಉಪಕಾರಿ ಕೀಟಗಳನ್ನು ತಿಂದರೆ ಖರ್ಚಿನ ಕಡೆಗೆ, ಉಪದ್ರವಿಗಳನ್ನು ತಿಂದರೆ ಜಮೆಯ ಕಡೆಗೆ.

ಈ ಕ್ರಮವು ಶ್ರಮಸಾಧ್ಯವಾದದ್ದು, ಪ್ರಾಮಾಣಿಕವಾದದ್ದು. ಅದರಿಂದ ತಿಳಿದುಬಂದ ಸಂಗತಿಗಳು ಇಂದಿಗೂ ಬೆಲೆಯುಳ್ಳವು. ಆದರೆ ಜಠರವು ಹಕ್ಕಿಯು ಏನನ್ನು ತಿಂದಿತೆಂಬುದನ್ನು ಹೇಳುತ್ತದೆಯೇ ಹೊರತು, ತಿನ್ನದಿದ್ದಲ್ಲಿ ತೋಟದ ಗತಿಯೇನಾಗುತ್ತಿತ್ತೆಂಬುದನ್ನು ಹೇಳಲಾರದು. ಜಮಾಖರ್ಚಿನ ಪುಸ್ತಕದಲ್ಲಿ ಒಂದೊಂದು ಪ್ರಾಣಿಗೂ ಒಂದೊಂದು ಪುಟವನ್ನು ತೆರೆದು, ಬೇರೆ ಪುಟಗಳನ್ನು ನೋಡದೆ ಲೆಕ್ಕ ಮುಗಿಸಿದರೆ ಎಂತಹ ಅನರ್ಥವಾಗುವುದೆಂಬುದಕ್ಕೆ ಆ ದ್ವೀಪಗಳಲ್ಲಿಯೇ ದೊಡ್ಡ ದೃಷ್ಟಾಂತವುಂಟು. ಅದರಲ್ಲಿ ನಮ್ಮ ದೇಶಕ್ಕೂ ಪಾಲುಂಟಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಪೋರ್ಟೊ ರಿಕೊದ ಪಶ್ಚಿಮಕ್ಕಿರುವ ಜಮೈಕಾ ದ್ವೀಪದ ಕಬ್ಬಿನ ಗದ್ದೆಗಳಲ್ಲಿ ಇಲಿಗಳ ಕಾಟವು ವಿಪರೀತವಾಗಿತ್ತು. ಎಸ್ಪ್ಯೂಟ್ ಎಂಬ ತೋಟಗಾರರು ೧೮೭೨ನೆಯ ಇಸವಿಯಲ್ಲಿ ಕಲ್ಕತ್ತೆಯಿಂದ ಒಂಭತ್ತು ಮುಂಗುಸಿಗಳನ್ನು ಹಡಗಿನಲ್ಲಿ ತರಿಸಿ ತಮ್ಮ ಜಮೀನಿನಲ್ಲಿ ಬಿಟ್ಟರು. ಲೆಕ್ಕವು ಬಹು ಸರಳವಾಗಿತ್ತು: ಇಲಿಯು ಕಬ್ಬನ್ನು ತಿನ್ನುತ್ತದೆ, ಮುಂಗುಸಿಯು ಇಲಿಯನ್ನು ತಿನ್ನುತ್ತದೆ, ಆದಕಾರಣ ಮುಂಗುಸಿಯು ನಮ್ಮ ಮಿತ್ರ. ಮೊದಲ ವರ್ಷಗಳಲ್ಲಿ ಇಲಿಗಳು ಕಡಮೆಯಾದುವು. ಎಸ್ಪ್ಯೂಟರಿಗೆ ಕೀರ್ತಿ ಬಂತು. ನೆರೆಯ ದ್ವೀಪಗಳವರು ಜಮೈಕಾದಿಂದ ಮುಂಗುಸಿಗಳನ್ನು ಕೊಂಡೊಯ್ದರು. ೧೮೭೭ರ ಸುಮಾರಿಗೆ ಪೋರ್ಟೊ ರಿಕೊಗೂ ಅವು ಬಂದುವು. ಆದರೆ ಮುಂಗುಸಿಯು ಹಗಲು ತಿರುಗುವ ಪ್ರಾಣಿ, ಇಲಿಯು ರಾತ್ರಿ ತಿರುಗುವುದು. ಮೇಲಾಗಿ ಇಲಿಯು ಮರವನ್ನು ಹತ್ತಿ ತಪ್ಪಿಸಿಕೊಳ್ಳುವುದನ್ನು ಕಲಿಯಿತು. ಮುಂಗುಸಿಯಾದರೋ ಹಸಿದು ಕುಳಿತಿರಲಿಲ್ಲ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು, ಅವುಗಳ ಮೊಟ್ಟೆಗಳು, ನೆಲದ ಓತಿಗಳು, ಹಾವುಗಳು, ರೈತನ ಕೋಳಿಮರಿಗಳು ಅದಕ್ಕೆ ಆಹಾರವಾದುವು. ಕೀಟಗಳನ್ನು ತಿನ್ನುವ ಪ್ರಾಣಿಗಳು ಕಡಮೆಯಾದುದರಿಂದ ಉಣ್ಣೆಗಳೂ ಹುಳುಗಳೂ ಹೆಚ್ಚಾದುವೆಂದು ದನಸಾಕುವವರು ದೂರಿದರು. ತಂದ ಹದಿನೆಂಟು ವರ್ಷಗಳೊಳಗಾಗಿ, ೧೮೯೦ರಲ್ಲಿ, ಮುಂಗುಸಿಯಿಂದ ಲಾಭವೋ ಹಾನಿಯೋ ಎಂದು ವಿಚಾರಿಸಲು ಜಮೈಕಾ ಸರಕಾರವು ಸಮಿತಿಯನ್ನೇ ನೇಮಿಸಬೇಕಾಯಿತು. ಪೋರ್ಟೊ ರಿಕೊದಲ್ಲಿ ೧೯೫೦ರಿಂದ ಹುಚ್ಚುನಾಯಿ ರೋಗವೂ ಮುಂಗುಸಿಗಳಲ್ಲಿ ಕಂಡುಬಂದು, ಅವು ಕಡಿದರೆ ಭಯಪಡಬೇಕಾದ ಸ್ಥಿತಿಯುಂಟಾಗಿದೆ. ಅಲ್ಲಿಯ ಒಂದು ನೆಲದ ಹಕ್ಕಿಯು, ನಮ್ಮ ಕಡೆಯ ನತ್ತಿಂಗನ ಜಾತಿಯದು, ನಾಶವಾಯಿತೆಂದೇ ಎಣಿಸಲ್ಪಟ್ಟಿದ್ದು ೧೯೬೧ರಲ್ಲಿ ನೈಋತ್ಯದ ಒಣ ಕಾಡಿನಲ್ಲಿ ಪುನಃ ಕಂಡಿತು. ಓತಿಗೋಗಿಲೆಗೆ ಮರದ ಮೇಲಣ ವಾಸವು ಈ ವಿಪತ್ತಿನಲ್ಲಿ ಒಂದು ರಕ್ಷಣೆಯಾಯಿತೆಂದು ಹೇಳಬಹುದು.

ಕಬ್ಬಿನ ಬೇರನ್ನು ತಿನ್ನುವ ಗೊಣ್ಣೆಹುಳುವಿಗಾಗಿ ಒಂದು ದೊಡ್ಡ ವಿಷಗಪ್ಪೆಯನ್ನು ೧೯೨೦ರಲ್ಲಿ ಪೋರ್ಟೊ ರಿಕೊಗೆ ತಂದು ಬಿಟ್ಟುದೂ ಇದೇ ಲೆಕ್ಕದಿಂದಲೇ. ಅಲ್ಲಿ ಗುಣ ಕಂಡಿತೆಂಬ ವರದಿಯನ್ನು ನಂಬಿ ಹವಾಯಿಗೆ, ಅಲ್ಲಿಂದ ೧೯೩೫ರಲ್ಲಿ ಆಸ್ಟ್ರೇಲಿಯಕ್ಕೆ ಆ ಕಪ್ಪೆಯನ್ನು ಒಯ್ದರು. ಆಸ್ಟ್ರೇಲಿಯದ ಕಬ್ಬಿನ ಜೀರುಂಡೆಯು ಗಿಡದ ಮೇಲ್ಭಾಗದಲ್ಲಿಯೂ ಅದರ ಮರಿಹುಳು ನೆಲದೊಳಗೂ ಇರುವುದರಿಂದ ಕಪ್ಪೆಗೆ ಸಿಕ್ಕಲೇ ಇಲ್ಲ. ಕಪ್ಪೆಯನ್ನು ತಿಂದ ಅಲ್ಲಿಯ ಪ್ರಾಣಿಗಳು ಮಾತ್ರ ವಿಷದಿಂದ ಸತ್ತುವು.

ಇನ್ನು ಓತಿಗೋಗಿಲೆಯ ಪುಟಕ್ಕೆ ಹಿಂದಿರುಗೋಣ. ಮೊದಲು ವಿಚಾರಿಸಬೇಕಾದದ್ದು ಓತಿಗಳ ಸಂಖ್ಯೆ. ಈಶಾನ್ಯದ ಲೂಕಿಯೋ ಬೆಟ್ಟಗಳ ಮಳೆಕಾಡಿನಲ್ಲಿ ಶಾಸ್ತ್ರಜ್ಞರು ಮರದ ತುದಿಯವರೆಗೆ ಅಟ್ಟಣೆಗಳನ್ನು ಕಟ್ಟಿ ಎಣಿಸಿದಾಗ, ಒಂದೇ ಜಾತಿಯ ಓತಿಗಳು ಹೆಕ್ಟೇರಿಗೆ ೨೦,೦೦೦ಕ್ಕೂ ಮೇಲ್ಪಟ್ಟು ಇರುವುದು ತಿಳಿದುಬಂತು. ಎಂದರೆ ನಮ್ಮ ಎಕರೆಗೆ ೮,೦೦೦ಕ್ಕೂ ಹೆಚ್ಚು! ನೆಲದ ಮೇಲೆ ನಿಂತು ಎಣಿಸುವವನಿಗೆ ಇವುಗಳಲ್ಲಿ ಬಹುಪಾಲು ಕಾಣುವುದೇ ಇಲ್ಲ. ಅಷ್ಟು ದೊಡ್ಡ ಸೈನ್ಯದಿಂದ ವಿರಳವಾಗಿ ಹರಡಿರುವ ಕೆಲವು ಹಕ್ಕಿಗಳು ದಿನವೂ ಒಂದಿಷ್ಟನ್ನು ತೆಗೆದುಕೊಂಡರೆ, ಕಟ್ಟೆ ತುಂಬಿದ ಕೆರೆಯಿಂದ ಕೊಡದಲ್ಲಿ ನೀರು ತೆಗೆದಂತೆಯೇ ಸರಿ. ಕೆರೆಯೇ ಒಣಗಿದ್ದಲ್ಲಿ ಕೊಡದ ಲೆಕ್ಕವು ಬೇರೆಯಾಗುವುದು, ನಿಜ; ಆದರೆ ಆಗ ದೋಷವು ಕೊಡದ್ದಲ್ಲ.

ಎರಡನೆಯದಾಗಿ, ತೋಟದಲ್ಲಿಯೇ ನಡೆಸಿದ ಪರೀಕ್ಷೆ. ಪೋರ್ಟೊ ರಿಕೊದ ಒಂದು ಕಾಫಿ ತೋಟದಲ್ಲಿ ಮಾಡಿದ ಪ್ರಯೋಗದ ವರದಿಯು ೨೦೦೬ರಲ್ಲಿ ಪ್ರಕಟವಾಯಿತು. ಅದರ ತಿರುಳು ಇಷ್ಟು: ಕೆಲವು ಗಿಡಗಳಿಗೆ ಹಕ್ಕಿಗಳು ಬಾರದಂತೆಯೂ, ಕೆಲವಕ್ಕೆ ಓತಿಗಳು ಬಾರದಂತೆಯೂ, ಕೆಲವಕ್ಕೆ ಎರಡೂ ಬಾರದಂತೆಯೂ ತಡೆಮಾಡಿ, ಕೆಲವನ್ನು ಇದ್ದ ಹಾಗೆಯೇ ಬಿಟ್ಟು, ಎಲ್ಲ ಗಿಡಗಳ ಮೇಲಣ ಕೀಟಗಳನ್ನು ಎಣಿಸಿದರು. ಹಕ್ಕಿಗಳೂ ಕೀಟಗಳನ್ನು ಕಡಮೆಮಾಡಿದುವು, ಓತಿಗಳೂ ಕಡಮೆಮಾಡಿದುವು. ಎರಡೂ ಇದ್ದಲ್ಲಿ ಒಂದರ ಉಪಕಾರಕ್ಕೆ ಇನ್ನೊಂದರ ಉಪಕಾರವು ಕೂಡಿಕೊಂಡಿತೇ ಹೊರತು ಒಂದನ್ನೊಂದು ಅಳಿಸಲಿಲ್ಲ. ನಮ್ಮ ಯಜಮಾನರ ಪ್ರಶ್ನೆಗೆ ಇದು ನೇರವಾದ ಉತ್ತರವೆಂದು ನನ್ನ ಅಭಿಪ್ರಾಯ. ಓತಿಯನ್ನು ತಿನ್ನುವ ಹಕ್ಕಿಗಳು ಓತಿಯ ಕೆಲಸವನ್ನು ಕೆಡಿಸುವುದೇ ನಿಜವಾಗಿದ್ದರೆ, ಹಕ್ಕಿಗಳಿಗೆ ಬಾಗಿಲು ತೆರೆದಿದ್ದ ಗಿಡಗಳಲ್ಲಿ ಕೀಟಗಳು ಹೆಚ್ಚಬೇಕಾಗಿತ್ತು. ಹಾಗಾಗಲಿಲ್ಲ. ಜಮೈಕಾದ ನೀಲಿಬೆಟ್ಟಗಳ ತೋಟಗಳಲ್ಲಿಯೂ ಬಲೆ ಕಟ್ಟಿ ನೋಡಿದಾಗ, ಹಕ್ಕಿಗಳು ಬಾರದ ಗಿಡಗಳಲ್ಲಿ ಕಾಯಿಕೊರಕದ ಹಾವಳಿಯು ಹೆಚ್ಚಾಗಿತ್ತು. ಈ ಕಾಯಿಕೊರಕವು ನಮ್ಮ ದೇಶದಲ್ಲಿ ೧೯೯೦ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಬಳಿಕ ಕೊಡಗಿಗೂ ನುಗ್ಗಿದುದನ್ನು ಬಲ್ಲವರಿಗೆ ಈ ಮಾತಿನ ಬೆಲೆ ಗೊತ್ತು. ಪೋರ್ಟೊ ರಿಕೊಗೆ ಅದು ಬಂದದ್ದು ೨೦೦೭ರಲ್ಲಿ.

ಆದರೆ ಇದಕ್ಕಿಂತಲೂ ದೊಡ್ಡ ಸಂಗತಿಯೊಂದುಂಟು. ಕಬ್ಬಿಗಾಗಿಯೂ ಹುಲ್ಲುಗಾವಲಿಗಾಗಿಯೂ ಸೌದೆ ಇದ್ದಲುಗಳಿಗಾಗಿಯೂ ಪೋರ್ಟೊ ರಿಕೊದ ಕಾಡುಗಳನ್ನು ಕಡಿಯುತ್ತ ಬಂದು, ೧೯೪೦ರ ದಶಕದ ವೇಳೆಗೆ ದ್ವೀಪದಲ್ಲಿ ನೂರಕ್ಕೆ ಸುಮಾರು ೬ ಪಾಲು ಮಾತ್ರ ಕಾಡು ಉಳಿದಿತ್ತು. ಅಂತಹ ದೆಸೆಯಲ್ಲಿ ಕಾಡನ್ನೇ ನಂಬಿದ ಹಕ್ಕಿಗಳಲ್ಲಿ ಬಹುಪಾಲು ನಿರ್ನಾಮವಾಗಬೇಕಾಗಿತ್ತು. ಆದರೆ ಓತಿಗೋಗಿಲೆಯೂ ಅದರಂತಹ ಇನ್ನೂ ಅನೇಕ ಹಕ್ಕಿಗಳೂ ಉಳಿದುವು. ಎಲ್ಲಿ ಉಳಿದುವು? ಸ್ವಲ್ಪ ಭಾಗ ೧೮೭೬ರಲ್ಲಿಯೇ ಸ್ಪೇನಿನ ದೊರೆಯು ಕಾಯ್ದಿರಿಸಿದ್ದ ಲೂಕಿಯೋ ಕಾಡಿನಲ್ಲಿ. ಮಿಕ್ಕ ಭಾಗ ರೈತರ ಕಾಫಿ ತೋಟಗಳಲ್ಲಿ. ಬೆಟ್ಟದ ರೈತರು ಕಾಫಿಯನ್ನು ಗ್ವಾಬ, ಗ್ವಾಮ ಎಂಬ ದ್ವಿದಳ ಜಾತಿಯ ಮರಗಳ ನೆರಳಿನಲ್ಲಿಯೂ, ನಮ್ಮ ಹಾಲುವಾಣದ ಒಡಹುಟ್ಟಾದ ಇನ್ನೊಂದು ಮರದ ನೆರಳಿನಲ್ಲಿಯೂ ಬೆಳೆಯುತ್ತಿದ್ದರು. ಮರದಿಂದ ಮರಕ್ಕೆ ಕೊಂಬೆ ತಾಗುತ್ತಿತ್ತು. ಉದುರಿದ ಎಲೆಯಲ್ಲಿ ಕೀಟ, ಕಾಂಡದ ಮೇಲೆ ಓತಿ, ಎಲೆಯ ಮರೆಯಲ್ಲಿ ಹಕ್ಕಿ. ಯಾರೂ ಹಕ್ಕಿಯನ್ನು ರಕ್ಷಿಸಬೇಕೆಂದು ಆ ಮರಗಳನ್ನು ನೆಡಲಿಲ್ಲ. ಕಾಫಿಗೆ ನೆರಳೂ ಮಣ್ಣಿಗೆ ಗೊಬ್ಬರವೂ ಬೇಕೆಂದು ನೆಟ್ಟರು.

ಇದರ ಮಿತಿಯನ್ನೂ ಹೇಳುವುದು ನ್ಯಾಯ. ಪೋರ್ಟೊ ರಿಕೊದ ಹಸುರು ಗಿಳಿಯನ್ನು ಕಾಫಿ ತೋಟಗಳು ಉಳಿಸಲಾರದೆ ಹೋದುವು. ಅದಕ್ಕೆ ಗೂಡಿಗಾಗಿ ಹಳೆಯ ದೊಡ್ಡ ಮರಗಳ ಪೊಟರೆಗಳೇ ಬೇಕು. ತೋಟದಲ್ಲಿ ಅಂತಹ ಮುದಿಮರಗಳನ್ನು ಯಾರು ಬಿಡುತ್ತಾರೆ? ೧೯೭೫ರಲ್ಲಿ ಕಾಡಿನಲ್ಲಿ ಉಳಿದಿದ್ದ ಗಿಳಿಗಳು ೧೩ ಮಾತ್ರ. ಆ ಮೇಲೆ ಪಂಜರಗಳಲ್ಲಿ ಮರಿ ಮಾಡಿಸಿ ಕಾಡಿಗೆ ಬಿಡುವ ದೊಡ್ಡ ಖರ್ಚಿನ ಕೆಲಸವನ್ನು ಕೈಗೊಳ್ಳಬೇಕಾಯಿತು. ಓತಿಗೋಗಿಲೆಗಾಗಿ ಸರಕಾರವು ಅಂತಹ ವೆಚ್ಚವನ್ನು ಮಾಡಬೇಕಾಗಿ ಬರಲಿಲ್ಲ.

೧೯೫೦ರ ತರುವಾಯ ಜನರು ಬೇಸಾಯವನ್ನು ಬಿಟ್ಟು ಕಾರ್ಖಾನೆಗಳಿಗೂ ನ್ಯೂಯಾರ್ಕ್ ಪಟ್ಟಣಕ್ಕೂ ವಲಸೆ ಹೋದುದರಿಂದ, ಬೀಳುಬಿದ್ದ ಜಮೀನಿನಲ್ಲಿ ಕಾಡು ತಾನಾಗಿಯೇ ಬೆಳೆದು, ಈ ಶತಮಾನದಲ್ಲಿ ದ್ವೀಪದ ಅರ್ಧಕ್ಕೂ ಹೆಚ್ಚು ಭಾಗವನ್ನು ಆವರಿಸಿದೆ. ಇತ್ತ ಕಾಫಿ ತೋಟಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಬದಲಾವಣೆಯಾಯಿತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸರಕಾರದ ಪ್ರೋತ್ಸಾಹದಿಂದಲೇ ಅನೇಕರು ನೆರಳುಮರಗಳನ್ನು ತೆಗೆದು ಬಿಸಿಲುಕಾಫಿಯನ್ನು ಹಾಕಿದರು. ಮೊದಲ ಫಸಲುಗಳು ಹೆಚ್ಚಿದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿಸಿಲುಕಾಫಿಗೆ ಗೊಬ್ಬರವೂ ಔಷಧಿಯೂ ಹೆಚ್ಚಾಗಿ ಬೇಕು. ಕಡಿದಾದ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುವುದು. ಗಿಡವು ಬೇಗ ಮುದಿಯಾಗುವುದು. ಈ ಶತಮಾನದಲ್ಲಿ ಅದೇ ದ್ವೀಪದಲ್ಲಿ ನೆರಳುಮರಗಳನ್ನು ಪುನಃ ನೆಡಲು ರೈತರಿಗೆ ಸಸಿಗಳನ್ನೂ ಸಹ ಒದಗಿಸಬೇಕಾಗಿ ಬಂದಿದೆ.

ನೆರಳಿನ ವಿರುದ್ಧವಾಗಿ ಹೇಳುವವರ ವಾದವನ್ನೂ ನಾನು ಮುಚ್ಚಿಡುವುದಿಲ್ಲ. ಆ ದ್ವೀಪವು ಚಂಡಮಾರುತಗಳ ದಾರಿಯಲ್ಲಿದೆ. ೧೮೯೯ನೆಯ ಆಗಸ್ಟ್ ೮ರಂದು ಬೀಸಿದ ಮಾರುತದಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟು ಜನರು ಸತ್ತು ಕಾಫಿಯ ಫಸಲು ನೆಲಕಚ್ಚಿತು. ೨೦೧೭ನೆಯ ಸೆಪ್ಟೆಂಬರ್ ೨೦ರ ಮರಿಯಾ ಎಂಬ ಮಾರುತದಲ್ಲಿ ನೂರಕ್ಕೆ ಸುಮಾರು ೮೦ ಕಾಫಿ ಗಿಡಗಳು ಹಾಳಾದುವೆಂದು ಅಂದಾಜು. ದೊಡ್ಡ ಮರ ಬಿದ್ದರೆ ಅಡಿಯ ಗಿಡಗಳು ಜಜ್ಜಿಹೋಗುವುವು, ನಿಜ. ಆದರೆ ಬಿಸಿಲು ತೋಟದ ಗಿಡಗಳನ್ನೂ ಗಾಳಿಯು ಬಿಡಲಿಲ್ಲ.

ನಮ್ಮ ಕಡೆಯ ಸ್ಥಿತಿಗೆ ಇದನ್ನು ಹೊಂದಿಸಿ ನೋಡುವಾಗ ಎಚ್ಚರಿಕೆ ಬೇಕು. ನಮ್ಮಲ್ಲಿ ಓತಿಗೋಗಿಲೆಯಿಲ್ಲ, ಕೆಂಬೂತವುಂಟು. ಅದು ಬೇಟೆಯಾಡುವುದು ಹೆಚ್ಚಾಗಿ ನೆಲದಲ್ಲಿಯೂ ಪೊದೆಗಳಲ್ಲಿಯೂ. ಓತಿಯಲ್ಲದೆ ಬಸವನಹುಳು, ಮಿಡತೆ, ಕಂಬಳಿಹುಳು, ಇಲಿಮರಿ, ಇತರ ಹಕ್ಕಿಗಳ ಮೊಟ್ಟೆ, ಯಾವುದನ್ನೂ ಅದು ಬಿಡುವುದಿಲ್ಲ. ಬೇರೆ ಹಕ್ಕಿಗಳು ಮುಟ್ಟಲು ಹೇಸುವ ಕಂಬಳಿಹುಳುಗಳನ್ನು ತಿನ್ನುವುದು ಕೋಗಿಲೆಯ ಕುಲದವುಗಳ ವಿಶೇಷ ಗುಣ. ನೆರಳಿನ ವಿಷಯದಲ್ಲಾದರೋ ಹೋಲಿಕೆಯು ಹತ್ತಿರವಾದದ್ದು. ಅರಾಬಿಕಾ ಗಿಡದ ಬಿಳಿ ಕಾಂಡಕೊರಕವು ನೆರಳು ಹರಿದ, ಬಿಸಿಲು ಬೀಳುವ ತೋಟಗಳಲ್ಲಿಯೇ ಹೆಚ್ಚೆಂಬುದನ್ನು ನಮ್ಮ ಬೆಳೆಗಾರರು ಸ್ವಂತ ನಷ್ಟದಿಂದ ಕಲಿತಿದ್ದಾರೆ. ಮರಗಸಿ ಮಾಡಿ ಕೊಂಬೆಗಳನ್ನು ಹದವಾಗಿ ಸವರುವುದು ಬೇರೆ, ಅತ್ತಿ, ಬಸರಿ, ನಂದಿ, ಹಲಸುಗಳನ್ನು ಬುಡಸಹಿತ ತೆಗೆದು ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ನಿಲ್ಲಿಸುವುದು ಬೇರೆ. ಸಿಲ್ವರ್ ಓಕಿನಿಂದ ಮೆಣಸಿನ ಬಳ್ಳಿಗೂ ಮರದ ಮಾರಾಟಕ್ಕೂ ಅನುಕೂಲವೆಂಬುದನ್ನು ಒಪ್ಪುತ್ತೇನೆ. ಆದರೆ ಹಣ್ಣಿನ ಮರವು ಹಕ್ಕಿಗಳಿಗೆ ಕೊಡುವ ಆಹಾರವು ಅದರಿಂದ ದೊರೆಯದು.

ಮೇಲೆ ಹೇಳಿದ ಯಜಮಾನರಲ್ಲಿಗೆ ನಾನು ಮರುವರ್ಷ ಪುನಃ ಹೋಗಿ ಈ ಸಂಗತಿಗಳನ್ನೆಲ್ಲಾ ತಿಳಿಸಿದೆನು. ಅವರು ಪೂರ್ಣವಾಗಿ ಒಪ್ಪಲಿಲ್ಲ, "ಅದು ಅವರ ದೇಶದ ಮಾತು, ನಮ್ಮ ತೋಟದಲ್ಲಿ ನೋಡದೆ ನಂಬುವುದು ಹೇಗೆ?" ಎಂದರು. ಈ ಮಾತನ್ನು ನಾನು ಮೆಚ್ಚಿಕೊಂಡೆನು. ಆದುದರಿಂದ ಹಳೆಯ ಮರಗಳಲ್ಲಿ ಅರ್ಧವನ್ನು ಸದ್ಯಕ್ಕೆ ಮುಟ್ಟದೆ ಬಿಟ್ಟು, ತೋಟದಲ್ಲಿಯೇ ಒಂದು ಚಿಕ್ಕ ಪರೀಕ್ಷೆಯನ್ನು ನಡೆಸುವುದೆಂದು ನಿಶ್ಚಯವಾಯಿತು. ಇತರರಿಗೂ ಅನುಕೂಲವಾಗಲೆಂದು ಅದರ ಕ್ರಮವನ್ನು ಬರೆಯುತ್ತೇನೆ.

ಒಂದೇ ವಯಸ್ಸಿನ, ಒಂದೇ ತಳಿಯ ೨೦ ಗಿಡಗಳನ್ನು ಆರಿಸಿಕೊಳ್ಳಬೇಕು. ಹತ್ತು ನೆರಳಿನ ಭಾಗದಲ್ಲಿಯೂ ಹತ್ತು ನೆರಳು ತೆಗೆದ ಭಾಗದಲ್ಲಿಯೂ ಇರಲಿ. ಎರಡೂ ಕಡೆ ಒಂದು ಬಿಟ್ಟು ಒಂದರಂತೆ ಐದೈದು ಗಿಡಗಳಿಗೆ ನಾಲ್ಕು ಬಿದಿರು ಗಳುಗಳನ್ನು ನೆಟ್ಟು, ಸುಮಾರು ಒಂದು ಅಂಗುಲ ಕಣ್ಣಿನ ಬಲೆಯನ್ನು ಬಿಗಿಯಾಗಿ ಕಟ್ಟಬೇಕು. ಆ ಕಣ್ಣಿನಲ್ಲಿ ಕೀಟಗಳೂ ಸಣ್ಣ ಓತಿಗಳೂ ಹೋಗಿಬರುವುವು, ಹಕ್ಕಿಗಳು ಹೋಗಲಾರವು. ಪರೀಕ್ಷೆಯ ಅವಧಿಯಲ್ಲಿ ಈ ೨೦ ಗಿಡಗಳಿಗೆ ಔಷಧಿಯನ್ನು ಸಿಂಪಡಿಸಬಾರದು. ಹದಿನೈದು ದಿನಗಳಿಗೊಮ್ಮೆ ಬೆಳಗಿನ ಹೊತ್ತು ಪ್ರತಿ ಗಿಡದಲ್ಲಿಯೂ ನಾಲ್ಕು ರೆಕ್ಕೆಗಳನ್ನು ಗುರುತಿಟ್ಟು, ಅವುಗಳ ಎಲೆಗಳ ಮೇಲಣ ಹುಳುಗಳನ್ನೂ ಕೊರಕ ಬಿದ್ದ ಕಾಯಿಗಳನ್ನೂ ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಬಲೆಯಲ್ಲಿ ಹಾವಾಗಲಿ ಹಕ್ಕಿಯಾಗಲಿ ಸಿಕ್ಕಿಕೊಂಡಿದೆಯೇ ಎಂದು ಆಳುಗಳು ದಿನವೂ ನೋಡತಕ್ಕದ್ದು. ಬಲೆಯ ಕೆಳಗಿನ ಅಂಚನ್ನು ಗೂಟಗಳಿಂದ ನೆಲಕ್ಕೆ ಭದ್ರಪಡಿಸುವುದನ್ನು ಮರೆಯಬಾರದು. ಆ ತೋಟದಲ್ಲಿ ಮೊದಲ ವಾರ ಹಾಗೆ ಮಾಡದಿದ್ದುದರಿಂದ ಕೆಂಬೂತವು ಅಡಿಯಿಂದ ನುಸುಳಿ, ಬಲೆಯೊಳಗಿನ ಓತಿಯನ್ನೇ ಹಿಡಿದುಕೊಂಡು ಹೋಯಿತು.